ಯಂತ್ರಕ್ಕೂ ಬೇಕು ಪಗಡೆಯ ದಾಳ

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಕೇಳದವರು ನಮ್ಮಲ್ಲಿ ವಿರಳ. ಜೂಜಿನಲ್ಲಿ ಸರ್ವಸ್ವವನ್ನೂ ಸೋತು ಕಾಡುಪಾಲಾದ ನಳನು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿದ್ದಾಗ, ಆ ಅರಸನಿಂದ ‘ಅಕ್ಷಹೃದಯ’ವೆಂಬ ವಿದ್ಯೆಯನ್ನು ಪಡೆದನು. ದಾಳದ ಹೃದಯವನ್ನೇ ಬಲ್ಲವನಿಗೆ ಬೀಳಲಿರುವ ಗರವು ಗುಟ್ಟಾಗಿ ಉಳಿದೀತೆ? ಮುಂದೆ ಅವನು ಪುಷ್ಕರನೊಡನೆ ಮತ್ತೆ ಆಡಿ ರಾಜ್ಯವನ್ನು ಮರಳಿ ಗೆದ್ದುದು ಸಹಜವೇ ಆಗಿದೆ.

ನಮ್ಮ ಅಂಗೈಯಲ್ಲಿರುವ ಮೊಬೈಲ್ ಫೋನು ಕೂಡ ದಿನವಿಡೀ ಇಂಥ ದಾಳವನ್ನು ಉರುಳಿಸುತ್ತಲೇ ಇರುತ್ತದೆ ಎಂದರೆ ವಾಚಕರಿಗೆ ಆಶ್ಚರ್ಯವೆನಿಸಬಹುದು. ನಾವು ಬ್ಯಾಂಕಿನ ಮೂಲಕ ಹಣ ಕಳುಹಿಸುವಾಗ ಆ ಸಂದೇಶವು ಗೂಢಲಿಪಿಯಲ್ಲಿ ಸಾಗುತ್ತದೆ. ಗೂಢಲಿಪಿಯ ವಿಧಾನವೇನೂ ಗುಟ್ಟಿನದಲ್ಲ. ಅದು ಗ್ರಂಥಗಳಲ್ಲಿ ಪ್ರಕಟವಾಗಿದೆ. ಗುಟ್ಟಾಗಿರಬೇಕಾದದ್ದು ಅದರ ಕೀಲಿಕೈ ಮಾತ್ರ. ಆ ಕೀಲಿಕೈ ಎಂದರೆ ಒಂದು ದೊಡ್ಡ ಸಂಖ್ಯೆ. ಒಂದು ನಾಣ್ಯವನ್ನು 128 ಸಲ ಚಿಮ್ಮಿ, ಬಿದ್ದ ಮುಖಗಳನ್ನು ಕ್ರಮವಾಗಿ ಬರೆದುಕೊಂಡರೆ ಅಂಥದೊಂದು ಕೀಲಿಕೈ ದೊರೆಯುತ್ತದೆ. ಹೀಗೆ ಬರಬಹುದಾದ ಕೀಲಿಗಳ ಒಟ್ಟು ಮೊತ್ತವನ್ನು ಬರೆಯಲು 39 ಅಂಕಿಗಳು ಬೇಕು. ಲೋಕದ ಯಂತ್ರಗಳೆಲ್ಲ ಒಂದಾಗಿ ಕುಳಿತರೂ ಅವೆಲ್ಲವನ್ನೂ ಪರೀಕ್ಷಿಸಿ ಮುಗಿಸಲಾರವು. ಆದರೆ ನಾಣ್ಯವು ನಿಜವಾಗಿಯೂ ಮನಬಂದಂತೆ ಬಿದ್ದಿರಬೇಕು, ಇದೊಂದೇ ನಿಬಂಧನೆ.

ವಿಧೇಯತೆಯೇ ದೋಷ

ತೊಡಕು ಇರುವುದು ಇಲ್ಲಿಯೇ. ಕಂಪ್ಯೂಟರಿನಷ್ಟು ವಿಧೇಯನಾದ ಸೇವಕ ಇನ್ನೊಬ್ಬನಿಲ್ಲ. ಒಂದೇ ಲೆಕ್ಕವನ್ನು ಸಾವಿರ ಸಲ ಕೊಟ್ಟರೂ ಒಂದೇ ಉತ್ತರವನ್ನು ಹೇಳುವುದು ಅದರ ಧರ್ಮ. ‘ನಿನಗೆ ತೋಚಿದ ಸಂಖ್ಯೆಯನ್ನು ಹೇಳು’ ಎಂದರೆ ಅದಕ್ಕೆ ಏನೂ ತೋಚದು. ಆದುದರಿಂದ ‘ಬೀಜ’ವೆಂಬ ಒಂದು ಸಣ್ಣ ಗುಟ್ಟನ್ನು ಅದಕ್ಕೆ ಕೊಟ್ಟು, ಅದರಿಂದ ಸಂಖ್ಯೆಗಳ ಸಾಲನ್ನು ಬೆಳೆಸುವುದು ವಾಡಿಕೆ. ಬೀಜವನ್ನು ಬಲ್ಲವನು ಬೆಳೆಯನ್ನೆಲ್ಲ ಬಲ್ಲನು.

1995ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಅಂದು ಜನಪ್ರಿಯವಾಗಿದ್ದ ನೆಟ್‌ಸ್ಕೇಪ್ ಎಂಬ ಬ್ರೌಸರು ತನ್ನ ಬೀಜವನ್ನು ಗಡಿಯಾರದ ವೇಳೆ ಹಾಗೂ ಯಂತ್ರವು ತನ್ನ ಕೆಲಸಗಳಿಗೆ ಕೊಡುವ ಕ್ರಮಸಂಖ್ಯೆಗಳಿಂದ ಮಾಡಿಕೊಳ್ಳುತ್ತಿತ್ತು. ವೇಳೆಯನ್ನು ಯಾರು ತಾನೆ ಅರಿಯರು? ಊಹೆಯಿಂದಲೇ ಕೀಲಿಕೈ ಕೈಸೇರಿತು.

ಮಜ್ಜಿಗೆಯ ಗಡಿಗೆ

ಈ ಕಾರಣದಿಂದ, ಯಾದೃಚ್ಛಿಕ ಸಂಖ್ಯೆಗಳನ್ನು ಒದಗಿಸುವ ಹೊಣೆಯನ್ನು ಯಂತ್ರದ ಆಪರೇಟಿಂಗ್ ಸಿಸ್ಟಮ್ಮೇ ಹೊರುವುದು ಲೇಸೆಂದು ತಜ್ಞರು ಮನಗಂಡರು. ಲಿನಕ್ಸ್ ವ್ಯವಸ್ಥೆಗೆ ಥಿಯೋಡರ್ ಚೋ ಎಂಬವರು 1994ರಲ್ಲಿಯೇ ಅಂಥ ಏರ್ಪಾಟನ್ನು ರಚಿಸಿದ್ದರು. ಕೀಲಿಮಣೆಯ ಮೇಲೆ ಬೆರಳು ಬಿದ್ದ ಗಳಿಗೆ, ಡಿಸ್ಕ್ ಉತ್ತರ ಕೊಟ್ಟ ಗಳಿಗೆ, ಹೊರಗಿನಿಂದ ಕರೆ ಬಂದ ಗಳಿಗೆ—ಇವುಗಳನ್ನು ಅತಿ ಸೂಕ್ಷ್ಮವಾಗಿ ಅಳೆದರೆ ಕೊನೆಯ ಅಂಕಿಗಳನ್ನು ಯಾರೂ ಊಹಿಸಲಾರರು. ಅವೆಲ್ಲವನ್ನೂ ಒಂದೇ ಗಡಿಗೆಗೆ ಸುರಿದು ಕಡೆಯುತ್ತಿರಬೇಕು. ಹಲವು ಪ್ರೊಸೆಸರುಗಳಲ್ಲಿ ಇದಕ್ಕೆಂದೇ ಒಂದು ಅಂಗವೂ ಇದೆ. ಅದರ ಫಲವೂ ಈ ಗಡಿಗೆಗೇ ಸೇರುತ್ತದೆ. ಸರಿಯಾಗಿ ಕಡೆದರೆ, ಹತ್ತು ಮೂಲಗಳಲ್ಲಿ ಒಂಬತ್ತು ಶತ್ರುವಿಗೆ ತಿಳಿದಿದ್ದರೂ, ಹತ್ತನೆಯದು ಸಾಕಷ್ಟು ಗುಟ್ಟಾಗಿದ್ದರೆ ಒಟ್ಟು ಫಲವು ಗುಟ್ಟಾಗಿಯೇ ಉಳಿಯುವುದು. ಯಂತ್ರವನ್ನು ಆರಿಸುವಾಗ ಈ ಗಡಿಗೆಯಿಂದ ಒಂದಿಷ್ಟನ್ನು ತೆಗೆದಿಟ್ಟು, ಮರುದಿನ ಹೆಪ್ಪು ಹಾಕಿದಂತೆ ಹೊಸದಕ್ಕೆ ಬೆರೆಸುವ ಪದ್ಧತಿಯೂ ಉಂಟು.

ಅಳಿಸಿದ ಒಂದು ಸಾಲು

ಇಷ್ಟೆಲ್ಲ ಇದ್ದರೂ ಎಚ್ಚರ ತಪ್ಪಿದರೆ ಏನಾದೀತು? 2006ರ ಸೆಪ್ಟೆಂಬರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶವನ್ನು ಪರಿಷ್ಕರಿಸಲಾಯಿತು. ದೋಷ ಹುಡುಕುವ ಸಾಧನವೊಂದು ಅದರ ಕೆಲವು ಸಾಲುಗಳ ಮೇಲೆ ಆಕ್ಷೇಪವೆತ್ತುತ್ತಿತ್ತು. ಅಚ್ಚುಕಟ್ಟು ಮಾಡುವ ಸದುದ್ದೇಶದಿಂದ ಅವನ್ನು ತೆಗೆದುಹಾಕಿದರು. ಗಡಿಗೆಗೆ ಸುರಿಯುವ ಕೆಲಸ ಆ ಸಾಲಿನಲ್ಲಿಯೇ ಅಡಗಿತ್ತು! ಬೀಜವಾಗಿ ಉಳಿದದ್ದು ಒಂದು ಕ್ರಮಸಂಖ್ಯೆ ಮಾತ್ರ. ಅದಕ್ಕೆ ಇದ್ದ ಸಾಧ್ಯತೆಗಳು 32,768. 39 ಅಂಕಿಗಳ ಸಾಗರವು ಬೊಗಸೆ ನೀರಾಯಿತು. ಕೀಲಿಗಳು ನೋಡಲು ಮಾತ್ರ ಎಂದಿನಂತೆಯೇ ಉದ್ದವಾಗಿದ್ದವು. ಆದುದರಿಂದಲೇ 2008ರ ಮೇ 13ರಂದು, ಲುಚಿಯಾನೊ ಬೆಲ್ಲೊ ಎಂಬವರು ಕಂಡುಹಿಡಿದುದನ್ನು ಪ್ರಕಟಿಸುವವರೆಗೆ, ಸುಮಾರು 20 ತಿಂಗಳು ಅದು ಲೋಕದ ಗಮನಕ್ಕೆ ಬರಲಿಲ್ಲ. ತಂತ್ರಾಂಶವನ್ನು ತಿದ್ದಿದರಷ್ಟೇ ಸಾಲದಾಯಿತು. ಆ ಅವಧಿಯಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಎಸೆದು ಹೊಸದನ್ನು ಮಾಡಿಕೊಳ್ಳಬೇಕಾಯಿತು.

ಹಸುಗೂಸಿನ ಅವಸರ

ಇನ್ನೊಂದು ಅಪಾಯವು ಯಂತ್ರದ ಜನ್ಮಕಾಲದ್ದು. ರೌಟರಿನಂಥ ಉಪಕರಣಕ್ಕೆ ಕೀಲಿಮಣೆಯಿಲ್ಲ, ಡಿಸ್ಕಿಲ್ಲ. ಪೆಟ್ಟಿಗೆಯಿಂದ ತೆಗೆದು ವಿದ್ಯುತ್ ಕೊಟ್ಟ ಕೂಡಲೇ ಅದು ಕೀಲಿಯನ್ನು ಮಾಡಿಕೊಳ್ಳುತ್ತದೆ. ಗಡಿಗೆಯಲ್ಲಿ ಆಗ ಏನೂ ಇರುವುದಿಲ್ಲ. ಒಂದೇ ಕಾರ್ಖಾನೆಯಿಂದ ಬಂದ ಅವಳಿಗಳು ಒಂದೇ ಗರವನ್ನು ಹಾಕುತ್ತವೆ. 2012ರಲ್ಲಿ ನಾಡಿಯಾ ಹೆನಿಂಜರ್ ಮತ್ತು ಅಲೆಕ್ಸ್ ಹಾಲ್ಡರ್ಮನ್ ಮೊದಲಾದವರು ಇಡೀ ಇಂಟರ್‌ನೆಟ್ಟನ್ನು ಜಾಲಾಡಿ ಕೀಲಿಗಳನ್ನು ಕಲೆಹಾಕಿದರು. ಆರ್‌ಎಸ್‌ಎ ಕೀಲಿಯೆಂದರೆ ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದನ್ನು ಒಡೆಯುವುದು ದುಸ್ಸಾಧ್ಯ. ಆದರೆ ಎರಡು ಯಂತ್ರಗಳು ಒಂದು ಅವಿಭಾಜ್ಯವನ್ನು ಹಂಚಿಕೊಂಡಿದ್ದರೆ? 77 ಮತ್ತು 91ರ ಮಹತ್ತಮ ಸಾಮಾನ್ಯ ಅಪವರ್ತನ 7 ಎಂದು ಶಾಲೆಯ ಬಾಲಕನೂ ಹೇಳಿಯಾನು. ಯೂಕ್ಲಿಡನ ಆ ಪುರಾತನ ಲೆಕ್ಕದಿಂದಲೇ, ಪರೀಕ್ಷಿಸಿದ ಟಿಎಲ್‌ಎಸ್ ಯಂತ್ರಗಳ ಪೈಕಿ ಶೇಕಡಾ 0.50ರಷ್ಟರ ಗುಪ್ತಕೀಲಿ ಅವರಿಗೆ ದೊರೆಯಿತು. ಪ್ರಮಾಣ ಅಲ್ಪವೆನಿಸಿದರೂ ಯಂತ್ರಗಳು ಹತ್ತಾರು ಸಾವಿರ. 2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ಫೋನುಗಳ ಇಂಥದೇ ದೌರ್ಬಲ್ಯದಿಂದ ಕೆಲವರ ಬಿಟ್‌ಕಾಯಿನ್ ಹಣವೇ ಕಳುವಾಯಿತು.

ಅಂದಿನಿಂದ ಸುಧಾರಣೆಗಳೂ ನಡೆದಿವೆ. ಗಡಿಗೆ ತುಂಬುವವರೆಗೆ ಕೇಳಿದವರನ್ನು ಕಾಯಿಸುವ ಏರ್ಪಾಟು 2014ರಲ್ಲಿ ಲಿನಕ್ಸಿಗೆ ಬಂದಿತು. 2022ರಲ್ಲಿ ಜೇಸನ್ ಡೋನೆನ್‌ಫೆಲ್ಡ್ ಎಂಬವರು ಕಡೆಯುವ ವಿಧಾನವನ್ನೇ ಹೊಸದಾಗಿಸಿದರು.

ಬಾಗಿಲ ಬೀಗ ಸಡಿಲವಾದರೆ ಮುಟ್ಟಿದ ಕೈಗೆ ತಿಳಿಯುತ್ತದೆ. ಸಂಖ್ಯೆಯ ಬೀಗ ಸಡಿಲವಾದರೆ ಕಣ್ಣಿಗೂ ಕಾಣದು, ಕೈಗೂ ಸಿಗದು. ಕಳ್ಳನಿಗೆ ಮಾತ್ರ ತಿಳಿದಿರುತ್ತದೆ. ಫೋನು, ರೌಟರುಗಳಿಗೆ ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ನಾಳೆಗೆಂದು ಮುಂದೂಡುವ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.