ಮನಸ್ಸಿನ ಸುಳಿವು ಮೊಬೈಲಿನಲ್ಲಿ!

ಮನಸ್ಸು ಸರಿಯಿಲ್ಲ ಎಂದು ನಾವು ಬಾಯಿಬಿಟ್ಟು ಹೇಳದಿದ್ದರೂ ನಮ್ಮ ದಿನಚರಿ ಹೇಳುತ್ತದೆ. ಅದು ಮೊಬೈಲ್, ಸ್ಮಾರ್ಟ್ ವಾಚ್‌ಗಳಲ್ಲಿ ದಾಖಲಾಗುತ್ತಲೇ ಇರುತ್ತದೆ.

2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 48 ವಿದ್ಯಾರ್ಥಿಗಳನ್ನು ಫೋನ್ ಮೂಲಕ 10 ವಾರ ಗಮನಿಸಲಾಯಿತು. ಏನು ಮಾತನಾಡಿದರು ಎಂದಲ್ಲ, ಎಷ್ಟು ಹೊತ್ತು ಮಾತನಾಡಿದರು, ಎಷ್ಟು ನಿದ್ದೆ ಮಾಡಿದರು ಎಂದು. ನಿದ್ದೆ, ಮಾತುಕತೆ ಕಡಿಮೆಯಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚು ಕಂಡುಬಂದವು.

ನೀವೂ ವಾರಕ್ಕೊಮ್ಮೆ ನೋಡಿಕೊಳ್ಳಿ:
👉 ನಡೆಯುವ ಹೆಜ್ಜೆಗಳು ತೀರಾ ಕಡಿಮೆಯಾಗಿವೆಯೇ?
👉 ನಡುರಾತ್ರಿಯಲ್ಲಿ ಫೋನ್ ನೋಡುವುದು ಹೆಚ್ಚಿದೆಯೇ?
👉 ಊರಿನವರಿಗೆ, ಗೆಳೆಯರಿಗೆ ಫೋನ್ ಮಾಡುವುದು ನಿಂತಿದೆಯೇ?

ಬೇರೆಯವರೊಂದಿಗೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ತಿಂಗಳಿನೊಂದಿಗೆ ಹೋಲಿಸಿ. ಮಂಡಿನೋವು, ನೈಟ್ ಶಿಫ್ಟ್, ಮಳೆ ಇವೂ ಕಾರಣವಾಗಿರಬಹುದು. ಫೋನ್ ಸುಳಿವು ಕೊಡುತ್ತದೆ, ಕಾಯಿಲೆ ಏನೆಂದು ಹೇಳಬೇಕಾದವರು ವೈದ್ಯರು.

ಈ ಬದಲಾವಣೆಗಳ ಜೊತೆಗೆ ಎರಡು ವಾರ ಯಾವುದರಲ್ಲೂ ಆಸಕ್ತಿಯಿಲ್ಲದೆ, ಬೇಸರವೇ ತುಂಬಿದ್ದರೆ ವೈದ್ಯರನ್ನು ಕಾಣಿರಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲೂ ಸೇವೆ ಇದೆ. ಊರಿಂದ ದೂರವಿದ್ದು, ಮನಸ್ಸಿನ ಮಾತನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿಕೊಳ್ಳಲಾಗದವರಿಗೆ ಇದು ದೊಡ್ಡ ಆಸರೆ.

ಇನ್ನೊಂದು ಮಾತು. ಮಕ್ಕಳ ಫೋನನ್ನು ಕದ್ದು ನೋಡಬೇಡಿ, ನಂಬಿಕೆ ಮುರಿಯುತ್ತದೆ. ಹತ್ತಿರ ಕೂತು, "ಯಾಕೋ ಸಪ್ಪಗಿದ್ದೀಯಲ್ಲ, ರಾತ್ರಿ ನಿದ್ದೆ ಬರ್ತಿದೆಯಾ?" ಎಂದು ಕೇಳಿ. ಊರಲ್ಲಿರುವ ಅಪ್ಪ-ಅಮ್ಮನಿಗೂ ಇವತ್ತೇ ಒಂದು ಫೋನ್ ಮಾಡಿ.

ನಿಮ್ಮವರಿಗೂ ತಿಳಿಸಿ 🙏