ಯೊಕೊಹಾಮಾದಲ್ಲಿ ಹಾರ್ಲೆ... ಬೈಂದೂರಲ್ಲಿ ಯೆಜ್ಡಿ!

ಡಬ್... ಡಬ್... ಡಬ್... ಡಬ್!

ಜುಲೈ ತಿಂಗಳ ಎರಡನೇ ಭಾನುವಾರ. ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ನೀಲಿ ಹೊಗೆ ಬಿಡುತ್ತಾ ಒಂಬತ್ತು ಬೈಕುಗಳು ಸಾಲಾಗಿ ಬಂದವು. ಯಾವುದೋ ಸಿನಿಮಾ ಶೂಟಿಂಗ್ ಇರಬೇಕು ಅಂದುಕೊಂಡಿರಾ? ಅಲ್ಲ ಸ್ವಾಮಿ! ಅವು ಜಾವಾ, ಯೆಜ್ಡಿಗಳು. ಆ ಬೈಕುಗಳ ಅಭಿಮಾನಿಗಳಿಗೆ ವರ್ಷಕ್ಕೊಮ್ಮೆ ಬರುವ ಹಬ್ಬ ಇದೇ ಭಾನುವಾರ.

ಆ ಒಂಬತ್ತರಲ್ಲಿ ಒಂದರ ಕತೆ ನನಗೆ ಗೊತ್ತು. ಹೇಳುವ ಮೊದಲು ಜಪಾನಿಗೆ ಒಂದು ಸುತ್ತು ಹೋಗಿ ಬರೋಣ. ಟಿಕೆಟ್ ಬೇಡ, ಕೂತಲ್ಲೇ ಬನ್ನಿ!

ಸೋತವರ ಮೋಹ

1945ರಲ್ಲಿ ಅಮೆರಿಕದ ಬಾಂಬಿಗೆ ಹಿರೋಶಿಮಾ, ನಾಗಸಾಕಿ ಸುಟ್ಟು ಬೂದಿಯಾದವು. ಗೆದ್ದವರ ಸೈನ್ಯ 1952ರವರೆಗೆ ಆ ದೇಶವನ್ನು ಆಳಿತು. ಸೈನಿಕರ ಹಿಂದೆಯೇ ಉದ್ದ ಮೂತಿಯ ಕಾರುಗಳೂ ಬಂದವು. ಸುಟ್ಟವನ ಕಾರನ್ನು ಯಾರಾದರೂ ಪ್ರೀತಿಸುತ್ತಾರೆಯೇ? ಜಪಾನಿನ ಹುಡುಗರು ಪ್ರೀತಿಸಿದರು! ಆಮೇಲೆ 'ಈಸಿ ರೈಡರ್' (1969), 'ಅಮೆರಿಕನ್ ಗ್ರಾಫಿಟಿ' (1973) ಬಂದವು. ಸಿನಿಮಾ ಹುಚ್ಚು ಯಾವ ಊರಿನಲ್ಲಾದರೂ ಒಂದೇ. ನಮ್ಮ ಕೆರಾಡಿಯ ರಿಷಬ್ ಶೆಟ್ಟಿ ನಿರ್ದೇಶಿಸಿದ 'ಕಿರಿಕ್ ಪಾರ್ಟಿ' (2016)ಯಲ್ಲಿ ಹಳೇ ಕಾಂಟೆಸಾ ಕಾರು ಕಂಡು ಶಿಳ್ಳೆ ಹೊಡೆದವರು ನೀವೇ ತಾನೇ?

ಜಪಾನಿನಲ್ಲೂ ನಮ್ಮಂತೆ ಗಾಡಿ ಎಡಬದಿಯಲ್ಲೇ ಓಡಬೇಕು. ಅಮೆರಿಕದ ಕಾರಿಗೋ ಸ್ಟೇರಿಂಗ್ ಕೂಡ ಎಡಕ್ಕೆ! ಎರಡು ವರ್ಷಕ್ಕೊಮ್ಮೆ ಸರಕಾರದ ತಪಾಸಣೆ. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಹೆಚ್ಚು ತೆರಿಗೆ. ಆದರೂ ಬಿಡುವುದಿಲ್ಲ. 1992ರಲ್ಲಿ ಶುರುವಾದ ಯೊಕೊಹಾಮಾದ ಹಾಟ್ ರಾಡ್ ಕಸ್ಟಮ್ ಶೋಗೆ ಡಿಸೆಂಬರಿನಲ್ಲಿ ಹಳೇ ಷೆವರ್ಲೆ, ಹಾರ್ಲೆಗಳ ಜಾತ್ರೆಯೇ ಸೇರುತ್ತದೆ.

ಹಾರ್ಲೆಯಂತೂ ಅವರಿಗೆ ಯುದ್ಧಕ್ಕಿಂತ ಹಳೆಯ ನಂಟು. 1930ರ ದಶಕದಲ್ಲೇ ಲೈಸೆನ್ಸ್ ಪಡೆದು ಅಲ್ಲಿಯೇ ತಯಾರಿಸಿ 'ರಿಕುಓ' ಎಂದು ಹೆಸರಿಟ್ಟರು. ಅರ್ಥ, ನೆಲದ ರಾಜ.

ನಮ್ಮ ರಾಜ

ಈಗ ಮೈಸೂರಿಗೆ ಬನ್ನಿ. ಜಾವಾ ಹುಟ್ಟಿದ್ದು ದೂರದ ಜೆಕ್ ನಾಡಿನಲ್ಲಿ, 1929ರಲ್ಲಿ. ಅದರ ಲೈಸೆನ್ಸ್ ಪಡೆದ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಮೈಸೂರಿನಲ್ಲಿ ಶುರುವಾಯಿತು. 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯಿತು. 1978ರಲ್ಲಿ ಬಂತು 'ರೋಡ್‌ಕಿಂಗ್'. ನೋಡಿ, ಇಲ್ಲೂ ರಾಜನೇ! ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಲಿವರೇ ಗೇರ್ ಹಾಕುವ ಲಿವರು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. 1996ರಲ್ಲಿ ಫ್ಯಾಕ್ಟರಿಗೆ ಬೀಗ ಬಿತ್ತು. ಹೊಸ ಕಂಪನಿ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರನ್ನು ಮತ್ತೆ ತಂದಿತು, ನಿಜ. ಆದರೆ ಈ ಡಬ್ ಡಬ್ ಮಾತ್ರ ಹಳೆಯದರದ್ದೇ.

ಕೋಳಿ ಅಲ್ಲ ಮಾಣಿ!

ಬ್ರಹ್ಮಾವರದ ಹೆಂಚಿನ ಶೆಡ್ಡು. ಬೇಸಿಗೆಯಲ್ಲಿ ಅಲ್ಲಿ ಕೂತಿದ್ದಾಗ ಬೈಂದೂರಿನ ಯುವಕನೊಬ್ಬ 1979ರ ರೋಡ್‌ಕಿಂಗನ್ನು ಟೆಂಪೋದಲ್ಲಿ ತಂದ. ತೀರಿಹೋದ ತಂದೆಯ ಗಾಡಿ. ಕಡಲ ಉಪ್ಪುಗಾಳಿಗೆ ರಿಮ್ಮು, ಸೈಲೆನ್ಸರು ತುಕ್ಕು ತಿಂದಿದ್ದವು. ಮಳೆಗಾಲದೊಳಗೆ ಮನೆಯ ಮಾಡು ರಿಪೇರಿ ಆಗಬೇಕು, ಕೈಯಲ್ಲಿ ಕಾಸಿಲ್ಲ. ಬೆಂಗಳೂರಿನಿಂದ ಗಿರಾಕಿ ಫೋನು: "ಎಂಜಿನ್, ಟ್ಯಾಂಕ್ ಸಾಕು. ಉಳಿದದ್ದು ಗುಜರಿಗೆ ಹಾಕಿ."

"ಅಪ್ಪಯ್ಯ ಹೋದ್ ಮೇಲೂ ಇದ್ರ ಸ್ವರ ಕೇಂಡ್ರೆ ಅಮ್ಮ ಬಾಗ್ಲಿಗ್ ಬತ್ರ್" ಅಂದ ಹುಡುಗ, ತಲೆ ತಗ್ಗಿಸಿ.

ಮುದಿ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟರು. "ಮಾರೂದಾರೆ ಇಡೀ ಗಾಡಿ ಮಾರ್ ಮಾರಾಯ. ಕೊಯ್ದ್ ಮಾರ್ಬ್ಯಾಡ. ಇದ್ ಕೋಳಿ ಅಲ್ಲ ಮಾಣಿ!"

ಇದು ಬರೀ ಭಾವುಕತೆಯಲ್ಲ, ಲೆಕ್ಕವೂ ಹೌದು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ 'ವಿಂಟೇಜ್' ಪಟ್ಟ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ. ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು, ದಿನಾ ಓಡಿಸುವಂತಿಲ್ಲ. ಚಾಸಿಸ್ಸನ್ನೋ ಎಂಜಿನ್ನನ್ನೋ ಕೊಯ್ದು ಬದಲಿಸಿದರೆ ಪಟ್ಟವೂ ಇಲ್ಲ, ಬೆಲೆಯೂ ಇಲ್ಲ. ಈ ಗಾಡಿಗೆ 2029ಕ್ಕೆ 50 ತುಂಬುತ್ತದೆ. ಅಲ್ಲಿಯವರೆಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿದರಾಯಿತು. ಮಡ್‌ಗಾರ್ಡ್ ಕತ್ತರಿಸಿ 'ಸ್ಟೈಲ್' ಮಾಡುವ ತಮ್ಮಂದಿರೇ, ಕೇಳಿಸಿತೇ?

ಕೊನೆಗೆ ಕುಂದಾಪುರದ ಮೇಷ್ಟ್ರೊಬ್ಬರು ಇಡೀ ಗಾಡಿಯನ್ನೇ ಕೊಂಡರು. ಹುಡುಗ ಹಾಕಿದ ಷರತ್ತು ಒಂದೇ: "ಜುಲೈ ಭಾನ್ವಾರ ಮಾತ್ರ ನಂಗೆ ಕೊಡ್ಕ್ ಸಾರ್."

ಬಾಗಿಲಲ್ಲಿ ಅಮ್ಮ

ಆ ಭಾನುವಾರ ಸಾಲಿನ ಮುಂದಿದ್ದವನು ಅವನೇ. ಹಿಂದಿನ ಸೀಟಿಗೆ ನಾನು ಹತ್ತಿದೆ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ನಮ್ಮನ್ನು ಹಿಂದೆ ಹಾಕಿ ಒಂದು ಆರ್‌ಎಕ್ಸ್ 100 ಕಿರುಚುತ್ತಾ ಹೋಯಿತು. ನಗು ಬಂತು. ಜಪಾನಿನವರು ಅಮೆರಿಕದ ಗಾಡಿಗೆ ಮರುಳು, ನಮ್ಮವರು 1985ರಲ್ಲಿ ಬಂದ ಜಪಾನಿನ ಗಾಡಿಗೆ ಮರುಳು! ಗಾಡಿಗೆ ಊರು ಯಾವುದಾದರೇನು, ಸಾಕಿದವನೇ ಅದರ ಧಣಿ.

ಒತ್ತಿನೆಣೆ ಗುಡ್ಡ ಹತ್ತುವ ಮೊದಲು ಹುಡುಗ ಒಂದು ಓಣಿಗೆ ಗಾಡಿ ತಿರುಗಿಸಿದ. ಹೊಸ ಹೆಂಚು ಹೊದೆಸಿದ ಮನೆ. ಹಾರ್ನ್ ಹೊಡೆಯಲೇ ಇಲ್ಲ. ಆ ತಾಯಿ ಆಗಲೇ ಬಾಗಿಲಲ್ಲಿದ್ದರು. ಸೆರಗಿನಿಂದ ಟ್ಯಾಂಕಿನ ಮೇಲಿನ ಮಳೆ ಹನಿ ಒರೆಸಿ, ನನ್ನ ಕಡೆ ತಿರುಗಿ ಅಂದರು:

"ಚಾ ಕುಡ್ಕಂಡ್ ಹೋಯ್ನಿ."