ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಬ್ರೆಜಿಲ್ಲಿನ ಗದ್ದಲವೂ ಮಲೆನಾಡಿನ ಕಾಫಿಯೂ



ಮಾರಿಸ್‌ವಿಲ್ಲಿನ ನಾವು ಕೆಲವರು ಸೇರಿದಾಗ ಮಾತು ಕಥೆ-ಕಾದಂಬರಿಯಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಊರಿನ ಸುದ್ದಿಯಲ್ಲೇ. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯವರು ಇದ್ದಾರೆ. ಕಾಫಿ ತೋಟದ ದುಡ್ಡಿನಲ್ಲಿ ಓದಿ ಇಂಜಿನಿಯರಾಗಿ ಇಲ್ಲಿಗೆ ಬಂದವರು. ತೋಟ ನೋಡಿಕೊಳ್ಳುತ್ತಿರುವುದು ಅಣ್ಣನೋ, ಚಿಕ್ಕಪ್ಪನೋ, ಎಪ್ಪತ್ತು ದಾಟಿದ ಅಪ್ಪನೋ. 2024-25ರಲ್ಲಿ ಕಾಫಿಗೆ ಎಂದೂ ಕಾಣದ ಬೆಲೆ ಬಂದದ್ದರಿಂದ ಊರಿನ ಫೋನಿನಲ್ಲಿ ಒಂದೇ ಪ್ರಶ್ನೆ: ಈ ಬೆಲೆ ನಿಲ್ಲುತ್ತದೆಯೇ? ಇದನ್ನು ನಂಬಿ ಸಾಲ ಮಾಡಿ ಪಕ್ಕದ ಎರಡು ಎಕರೆ ತೆಗೆದುಕೊಳ್ಳಬಹುದೇ? ಅಥವಾ ಬೆಲೆ ಇರುವಾಗಲೇ ತೋಟ ಮಾರಿ ಮೈಸೂರಿನಲ್ಲಿ ಮನೆ ಮಾಡುವುದು ಮೇಲೇ?

ಇದಕ್ಕೆ ಉತ್ತರ ಮಡಿಕೇರಿಯಲ್ಲಿಲ್ಲ, ಬೆಂಗಳೂರಿನ ಕಾಫಿ ಬೋರ್ಡಿನಲ್ಲೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಉತ್ತರ ಇರುವುದು ದಕ್ಷಿಣ ಅಮೆರಿಕದಲ್ಲಿ. ಕಾದಂಬರಿಗಳಲ್ಲಿ ಸರ್ವಾಧಿಕಾರಿಗಳನ್ನೂ ಮುಗಿಯದ ಮಳೆಯನ್ನೂ ಓದಿ ಬಲ್ಲ ನಮಗೆ ಆ ಖಂಡದ ಹಣಕಾಸಿನ ಕಥೆ ಅಷ್ಟು ಪರಿಚಿತವಲ್ಲ. ಆದ್ದರಿಂದ ಈ ಬರಹ.

ಏಳು ಬೀಜ, ಎರಡು ದಾರಿ

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತು. ಬ್ರೆಜಿಲ್ಲಿಗೆ ಕಾಫಿ ಹೋದದ್ದು 1727ರಲ್ಲಿ, ಪಕ್ಕದ ಫ್ರೆಂಚ್ ಗಯಾನಾದಿಂದ. ಅಂದರೆ ಕಾಫಿಯಲ್ಲಿ ನಾವೇ ಹಿರಿಯರು! ಆದರೆ ಹಿರಿತನದಿಂದ ಏನಾಗಬೇಕು? ಇಂದು ಜಗತ್ತಿನ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬ್ರೆಜಿಲ್ಲಿನದು. ಇಡೀ ಭಾರತದ್ದು ಶೇಕಡಾ ಮೂರು-ನಾಲ್ಕರ ಆಸುಪಾಸು. ಅದರಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ನಮ್ಮ ಬೆಳೆಯ ಬಹುಪಾಲು ವಿದೇಶಕ್ಕೆ ಹೋಗುತ್ತದೆ. ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ ನಿಗದಿಯಾಗುತ್ತದೆ. ಮೂಡಿಗೆರೆಯ ಬೆಳೆಗಾರ ಬೆಳಗಾಗೆದ್ದು ನ್ಯೂಯಾರ್ಕಿನ ದರ ನೋಡುವುದು ಶೋಕಿಗಲ್ಲ.

ಬ್ರೆಜಿಲ್ಲಿನಲ್ಲಿ ಹಿಮ ಬಿದ್ದರೆ ನಮಗೆ ಬೆಲೆ ಎಂಬುದು ಮಲೆನಾಡಿನಲ್ಲಿ ಹಳೆಯ ಮಾತು. 1975ರ ಜುಲೈನಲ್ಲಿ ಪರಾನಾ ರಾಜ್ಯದಲ್ಲಿ ಬಿದ್ದ ಹಿಮ ಅಲ್ಲಿಯ ಕಾಫಿಯನ್ನು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹಾಕಿತು. ಅಲ್ಲಿಯವರು ಅದನ್ನು ಇಂದಿಗೂ 'ಕಪ್ಪು ಹಿಮ' ಎನ್ನುತ್ತಾರೆ. 1977ರ ಹೊತ್ತಿಗೆ ಅರೇಬಿಕಾ ಒಂದು ಪೌಂಡಿಗೆ ಮೂರು ಡಾಲರ್ ದಾಟಿತು. ಆ ದಾಖಲೆ ಮುರಿಯಲು 47 ವರ್ಷ ಬೇಕಾಯಿತು. 2024ರ ಬರಗಾಲದ ನಂತರ ಆ ಡಿಸೆಂಬರಿನಲ್ಲಿ ದಾಖಲೆ ಮುರಿದು, 2025ರ ಫೆಬ್ರವರಿಯಲ್ಲಿ ಬೆಲೆ ನಾಲ್ಕು ಡಾಲರ್ ಮೀರಿತು. ಇದು ಆಕಾಶದ ಆಟ. ಇದರ ಜೊತೆಗೇ ನಡೆಯುವ ಇನ್ನೊಂದು ಆಟವಿದೆ, ಅದು ರಾಜಧಾನಿಯದು.

ಒಂದೇ ಬೆಳೆ ನಂಬಿದವರ ಪಾಡು

ದಕ್ಷಿಣ ಅಮೆರಿಕದ ದೇಶಗಳನ್ನು ಅರ್ಥ ಮಾಡಿಕೊಳ್ಳಲು ಒಂದು ಸುಲಭದ ಕೀಲಿ ಇದೆ: ಆ ದೇಶ ಹೊರಗೆ ಏನನ್ನು ಮಾರುತ್ತದೆ ಎಂದು ಕೇಳುವುದು. ಚಿಲಿ ಎಂದರೆ ತಾಮ್ರ. ವೆನೆಜುವೆಲಾ ಎಂದರೆ ಎಣ್ಣೆ. ಅರ್ಜೆಂಟೀನಾ ಎಂದರೆ ಸೋಯಾ, ಗೋಧಿ, ದನದ ಮಾಂಸ. ಪೆರು ತಾಮ್ರ ಮತ್ತು ಚಿನ್ನ. ಬ್ರೆಜಿಲ್ ಒಂದು ಕಾಲಕ್ಕೆ ಕಾಫಿ ಮಾತ್ರ. ಈಗ ಸೋಯಾ, ಕಬ್ಬಿಣದ ಅದಿರು, ಎಣ್ಣೆ ಎಲ್ಲವೂ ಸೇರಿವೆ.

ಬೆಲೆ ಏರಿದಾಗ ಸರ್ಕಾರದ ಕೈ ತುಂಬುತ್ತದೆ. ಸಬ್ಸಿಡಿ, ಸಂಬಳ, ಹೊಸ ಯೋಜನೆಗಳು ಬರುತ್ತವೆ. ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಬೆಲೆ ಇಳಿದಾಗ ವರಮಾನ ಬೀಳುತ್ತದೆ, ಖರ್ಚು ಬೀಳುವುದಿಲ್ಲ. ಸಾಲ ತರಬೇಕು, ಇಲ್ಲವೇ ನೋಟು ಅಚ್ಚು ಹಾಕಬೇಕು. ಸಾಲ ಸಿಕ್ಕದಿದ್ದರೆ ಕಡಿತ, ಕಡಿತವಾದರೆ ಬೀದಿಯಲ್ಲಿ ಜನ. ಆಮೇಲೆ ಸರ್ಕಾರ ಬೀಳುತ್ತದೆ, ಹಿಂದಿನ ಕಾಲದಲ್ಲಾದರೆ ಸೈನ್ಯ ಬರುತ್ತಿತ್ತು. ಬೆರಳೆಣಿಕೆಯ ಮನೆತನಗಳ ಕೈಯಲ್ಲಿರುವ ಭೂಮಿ ಮತ್ತು ಶೀತಲ ಸಮರದ ಕಾಲದಲ್ಲಿ ನಾವು ಈಗ ವಾಸವಿರುವ ಈ ದೇಶ ಅಲ್ಲಿ ಆಡಿಸಿದ ಕೈ, ಇವೆರಡೂ ಈ ಬೆಂಕಿಗೆ ತುಪ್ಪ ಸುರಿದವು. 1964ರಲ್ಲಿ ಬ್ರೆಜಿಲ್, 1973ರಲ್ಲಿ ಚಿಲಿ, 1976ರಲ್ಲಿ ಅರ್ಜೆಂಟೀನಾ ಹೀಗೆ ಸೈನ್ಯದ ಕೈಗೆ ಹೋದವು.

ಬ್ರೆಜಿಲ್ಲಿನ ಹಳೆಯ ಗಣರಾಜ್ಯದ ರಾಜಕೀಯಕ್ಕೆ 'ಹಾಲು-ಕಾಫಿ' ರಾಜಕೀಯ ಎಂದೇ ಹೆಸರು. ಕಾಫಿಯ ಸಾವೊ ಪೌಲೊ ಮತ್ತು ಹೈನುಗಾರಿಕೆಯ ಮಿನಾಸ್ ಜೆರಾಯಿಸ್ ರಾಜ್ಯಗಳ ದೊಡ್ಡವರು ಅಧ್ಯಕ್ಷ ಪದವಿಯನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. 1929ರ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿತು, 1930ರಲ್ಲಿ ಗೆಟೂಲಿಯೊ ವಾರ್ಗಾಸ್ ದಂಗೆಯ ಮೂಲಕ ಅಧಿಕಾರಕ್ಕೆ ಬಂದರು. ಬೆಲೆ ಎತ್ತಲು 1931ರಿಂದ 1944ರವರೆಗೆ ಸುಮಾರು 7.8 ಕೋಟಿ ಮೂಟೆ ಕಾಫಿಯನ್ನು ಸರ್ಕಾರವೇ ನಾಶಪಡಿಸಿತು, ಬಹುಪಾಲು ಸುಟ್ಟು. ನಮ್ಮಲ್ಲಿ 1935ರಲ್ಲಿ ಕಾಫಿ ಸೆಸ್ ಸಮಿತಿ, 1942ರಲ್ಲಿ ಕಾಫಿ ಬೋರ್ಡ್ ಹುಟ್ಟಿದ್ದು ಇದೇ ಮಾರುಕಟ್ಟೆಯ ಬಿರುಗಾಳಿಯಲ್ಲಿ.

ಒಂದೇ ರೋಗ, ಬೇರೆ ಬೇರೆ ಮದ್ದು

ಹಾಗೆಂದು ದಕ್ಷಿಣ ಅಮೆರಿಕವೆಂದರೆ ಬರೀ ಗಲಾಟೆ ಎಂದು ಒಂದೇ ಏಟಿಗೆ ಹೇಳುವುದು ತಪ್ಪಾಗುತ್ತದೆ. ನಾಲ್ಕು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಅರ್ಜೆಂಟೀನಾ ನೂರು ವರ್ಷದ ಹಿಂದೆ ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. 1991ರಲ್ಲಿ ಒಂದು ಪೆಸೊಗೆ ಒಂದು ಡಾಲರ್ ಎಂದು ಕಾನೂನು ಮಾಡಿ ಹಣದುಬ್ಬರವನ್ನು ಕಟ್ಟಿಹಾಕಿದರು. ಆದರೆ ಸರ್ಕಾರದ ಸಾಲ ಬೆಳೆಯುತ್ತಲೇ ಹೋಯಿತು. 2001ರ ಡಿಸೆಂಬರಿನಲ್ಲಿ ಬ್ಯಾಂಕಿನಲ್ಲಿದ್ದ ತಮ್ಮದೇ ಹಣವನ್ನು ತೆಗೆಯಲು ಜನರಿಗೆ ಮಿತಿ ಹಾಕಲಾಯಿತು. ಜನ ಪಾತ್ರೆ ಬಡಿಯುತ್ತ ಬೀದಿಗಿಳಿದರು. ಎರಡು ವಾರದೊಳಗೆ ಐದು ಮಂದಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತೆದ್ದರು. 2023ರಲ್ಲಿ ಹಣದುಬ್ಬರ ಶೇಕಡಾ 211. ಆ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಹಾವಿಯೇರ್ ಮಿಲೇ ಖರ್ಚನ್ನು ಕತ್ತರಿಸಿದರು. 2024ರಲ್ಲಿ ಹಣದುಬ್ಬರ ಶೇಕಡಾ 118ಕ್ಕೆ ಇಳಿಯಿತು. ಕತ್ತರಿ ಬಿದ್ದದ್ದರಲ್ಲಿ ಪಿಂಚಣಿದಾರರ ಪಾಲೂ ಇತ್ತು ಎಂಬುದನ್ನು ಮರೆಯಬಾರದು.

ವೆನೆಜುವೆಲಾದ್ದು ಇದಕ್ಕಿಂತ ಘೋರ. ರಫ್ತಿನ ಶೇಕಡಾ 90ಕ್ಕೂ ಹೆಚ್ಚು ಎಣ್ಣೆ. ಬೆಲೆ ಇದ್ದಾಗ ಹ್ಯೂಗೊ ಚಾವೆಝ್ ಬಡವರಿಗೆ ಹಂಚಿದರು, ಆದರೆ ಎಣ್ಣೆ ಕಂಪನಿಯ ಬಾವಿಗಳಿಗೆ ಹಾಕಬೇಕಾದ ಹಣ ಹಾಕಲಿಲ್ಲ, ಬಲ್ಲವರನ್ನು ಉಳಿಸಿಕೊಳ್ಳಲಿಲ್ಲ. 2014ರಲ್ಲಿ ಎಣ್ಣೆ ಬೆಲೆ ಬಿತ್ತು, ಆಮೇಲೆ ಅಮೆರಿಕದ ದಿಗ್ಬಂಧನವೂ ಬಿತ್ತು. 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ವೀಸಾ ಹಿಡಿದು ವಿಮಾನದಲ್ಲಿ ಬಂದ ನಮ್ಮ ವಲಸೆಗೂ, ಮಗುವನ್ನು ಹೆಗಲ ಮೇಲೆ ಹೊತ್ತು ಕಾಡು ದಾಟಿ ಬಂದವರ ವಲಸೆಗೂ ಒಂದೇ ಹೆಸರಿಡಲು ನಾಲಿಗೆ ಬರುವುದಿಲ್ಲ.

ಇನ್ನು ಚಿಲಿ. ತಾಮ್ರದಲ್ಲಿ ಜಗತ್ತಿಗೇ ಮೊದಲು. 2001ರಿಂದ ಅಲ್ಲೊಂದು ನಿಯಮ: ಖರ್ಚು ಮಾಡಬೇಕಾದದ್ದು ತಾಮ್ರದ ಇಂದಿನ ಬೆಲೆ ನೋಡಿಯಲ್ಲ, ದೀರ್ಘಕಾಲದ ಅಂದಾಜು ನೋಡಿ. ಹೆಚ್ಚಿಗೆ ಬಂದದ್ದು ನಿಧಿಗೆ. 2006-08ರಲ್ಲಿ ತಾಮ್ರ ಗಗನಕ್ಕೇರಿದಾಗ ಹಣಕಾಸು ಮಂತ್ರಿ ಆಂಡ್ರೆಸ್ ವೆಲಾಸ್ಕೊ ಖಜಾನೆ ಬಿಚ್ಚಲಿಲ್ಲ, ಜನ ಬೈದರು. 2009ರಲ್ಲಿ ಜಗತ್ತೆಲ್ಲ ಮುಗ್ಗರಿಸಿದಾಗ ಅದೇ ನಿಧಿ ಕೈಹಿಡಿಯಿತು. ಆದರೂ 2019ರಲ್ಲಿ ಮೆಟ್ರೋ ದರ 30 ಪೆಸೊ ಏರಿಸಿದ್ದೇ ನೆಪವಾಗಿ ಇಡೀ ದೇಶ ಹೊತ್ತಿಕೊಂಡಿತು. ಖಜಾನೆಯ ಲೆಕ್ಕ ಸರಿಯಿದ್ದರೆ ಸಾಲದು, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿರಬೇಕು.

ಎಲ್ಲಕ್ಕಿಂತ ಸೋಜಿಗ ಪೆರುವಿನದು. 2016ರಿಂದ 2025ರ ಅಕ್ಟೋಬರಿನೊಳಗೆ ಏಳು ಮಂದಿ ಅಧ್ಯಕ್ಷರು! ಒಬ್ಬರು ಐದೇ ದಿನ ಇದ್ದರು. ಇಷ್ಟಾದರೂ ಅಲ್ಲಿಯ ನಾಣ್ಯ 'ಸೋಲ್' ಆ ಖಂಡದಲ್ಲೇ ಭದ್ರವಾದವುಗಳಲ್ಲಿ ಒಂದು. 1990ರಲ್ಲಿ ಶೇಕಡಾ 7,000 ಮೀರಿದ ಹಣದುಬ್ಬರ ಕಂಡ ಪೆರು, 1993ರ ಸಂವಿಧಾನದಲ್ಲಿ ಕೇಂದ್ರ ಬ್ಯಾಂಕು ಸರ್ಕಾರಕ್ಕೆ ಸಾಲ ಕೊಡಕೂಡದು ಎಂದು ಬರೆದಿಟ್ಟಿತು. 2006ರಲ್ಲಿ ಬ್ಯಾಂಕಿನ ಅಧ್ಯಕ್ಷರಾದ ಹುಲಿಯೊ ವೆಲಾರ್ಡೆ, ದೇಶದ ಅಧ್ಯಕ್ಷರು ಯಾರೇ ಬಂದು ಹೋದರೂ ಅದೇ ಕುರ್ಚಿಯಲ್ಲಿ ಉಳಿದರು. ರಾಜಕೀಯ ಅಲುಗಾಡಿದರೂ ಒಂದು ಸಂಸ್ಥೆ ಗಟ್ಟಿಯಾಗಿದ್ದರೆ ಜನರ ಅನ್ನಕ್ಕೆ ಅಷ್ಟು ಪೆಟ್ಟಾಗುವುದಿಲ್ಲ.

ರಿಯಾಲ್ ಬಿದ್ದರೆ ಮಲೆನಾಡಿಗೇನು?

ಈಗ ನಮ್ಮ ತೋಟಕ್ಕೆ ಬರೋಣ. ಹಿಮ ಬಿದ್ದರೆ ಬ್ರೆಜಿಲ್ಲಿಗೆ ನಷ್ಟ, ನಮಗೆ ಲಾಭ. ಆದರೆ ಬ್ರೆಜಿಲ್ಲಿನ ರಾಜಕೀಯ ಕೆಟ್ಟರೆ ನಷ್ಟ ನಮಗೆ! ಹೇಗೆಂದರೆ, ಕಾಫಿ ಮಾರಾಟವಾಗುವುದು ಡಾಲರಿನಲ್ಲಿ. ಬ್ರೆಜಿಲ್ಲಿನ ರೈತನ ಆಳುಗಳ ಕೂಲಿ, ಬಡ್ಡಿ, ಮನೆ ಖರ್ಚು ಎಲ್ಲ ಅಲ್ಲಿಯ ರಿಯಾಲಿನಲ್ಲಿ. ಪೌಂಡಿಗೆ ಒಂದು ಡಾಲರ್ ಬೆಲೆ ಇದೆ ಎಂದುಕೊಳ್ಳಿ. ಡಾಲರಿಗೆ ಎರಡು ರಿಯಾಲ್ ಇದ್ದಾಗ ಅವನಿಗೆ ಎರಡು ರಿಯಾಲ್ ಸಿಕ್ಕರೆ, ನಾಲ್ಕು ರಿಯಾಲ್ ಆದಾಗ ನಾಲ್ಕು ಸಿಗುತ್ತದೆ. ಡಾಲರ್ ಬೆಲೆ ಕಾಲುಭಾಗ ಇಳಿದರೂ ಅವನಿಗೆ ಮೂರು ರಿಯಾಲ್ ಉಂಟು, ಮೊದಲಿಗಿಂತ ಲಾಭವೇ. ಆದ್ದರಿಂದ ಗೋದಾಮು ಖಾಲಿ ಮಾಡಿ ಮಾರುತ್ತಾನೆ. ಮಾರುಕಟ್ಟೆಗೆ ಸರಕು ನುಗ್ಗಿ ಡಾಲರ್ ಬೆಲೆ ಕುಸಿಯುತ್ತದೆ. ನಮ್ಮ ರೂಪಾಯಿ ಅಷ್ಟು ಬಿದ್ದಿರುವುದಿಲ್ಲ. ಇಳಿದ ಡಾಲರ್ ಬೆಲೆ ಸೋಮವಾರಪೇಟೆಯ ಬೆಳೆಗಾರನ ತಲೆಯ ಮೇಲೆ ನೇರವಾಗಿ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಗಾದೆ ಕಟ್ಟಿದವರು ಕಾಫಿ ಬೆಳೆಯುತ್ತಿದ್ದರೋ ಏನೋ.

1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದ ಮೇಲೆ ಬೆಲೆಗೆ ಅಡ್ಡಗಟ್ಟೆ ಉಳಿಯಲಿಲ್ಲ. ಭಾರತದಲ್ಲೂ 1990ರ ದಶಕದಲ್ಲಿ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಹಂತಹಂತವಾಗಿ ಕೊನೆಗೊಂಡು, ಬೆಳೆಗಾರ ತನ್ನ ಮೂಟೆಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದ. ಸ್ವಾತಂತ್ರ್ಯದ ಜೊತೆಗೆ ಜಗತ್ತಿನ ಗಾಳಿಯೂ ಒಳಗೆ ಬಂತು. 1999ರ ಜನವರಿಯಲ್ಲಿ ರಿಯಾಲ್ ಕುಸಿಯಿತು. ವಿಯೆಟ್ನಾಂ ರೊಬಸ್ಟಾ ಸುರಿಯತೊಡಗಿತು. 2001ರ ಕೊನೆಗೆ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. 2002ರಲ್ಲಿ ಲೂಲಾ ಗೆಲ್ಲುತ್ತಾರೆಂಬ ಭಯಕ್ಕೆ ಡಾಲರ್ ನಾಲ್ಕು ರಿಯಾಲಿನ ಹತ್ತಿರ ಹೋಯಿತು. ಆ ವರ್ಷಗಳಲ್ಲಿ ಹಣ್ಣು ಕೊಯ್ಯಿಸಿದ ಕೂಲಿಯೂ ಹುಟ್ಟದೆ ತೋಟ ಮಾರಿದವರನ್ನು, ಸಾಲಕ್ಕೆ ಸಿಕ್ಕಿ ನಲುಗಿದವರನ್ನು ನಮ್ಮ ಬಳಗದವರು ಕಂಡಿದ್ದಾರೆ. ಕೆಲವರ ಅಮೆರಿಕ ಪ್ರಯಾಣಕ್ಕೆ ಅದೇ ಕಾರಣ. 2015ರಲ್ಲಿ ದಿಲ್ಮಾ ರೂಸೆಫ್ ಸರ್ಕಾರ ಅಲುಗಾಡುವಾಗಲೂ ಇದೇ ಆಟ: ಡಾಲರ್ ನಾಲ್ಕು ರಿಯಾಲ್ ದಾಟಿತು, ಅರೇಬಿಕಾ ಇಳಿಯಿತು.

2025ರಲ್ಲಿ ಈ ನಾಟಕದಲ್ಲಿ ನಮ್ಮ ವಾಷಿಂಗ್ಟನ್ನೂ ಪಾತ್ರ ವಹಿಸಿತು. ಮಾಜಿ ಅಧ್ಯಕ್ಷ ಬೊಲ್ಸೊನಾರೊ ಮೇಲಿನ ವಿಚಾರಣೆಯನ್ನು ಒಂದು ಕಾರಣವಾಗಿ ಹೇಳಿ ಬ್ರೆಜಿಲ್ಲಿನ ಬಹಳಷ್ಟು ಸರಕಿಗೆ ಆಗಸ್ಟಿನಿಂದ ಶೇಕಡಾ 50 ಸುಂಕ ಬಿತ್ತು, ಕಾಫಿಯೂ ತಪ್ಪಿಸಿಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕಾಫಿ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ 19 ದುಬಾರಿಯಾಗಿತ್ತು. ನವೆಂಬರಿನಲ್ಲಿ ಕಾಫಿಯ ಮೇಲಿನ ಆ ಸುಂಕ ತೆಗೆದರು. ಬ್ರಸಿಲಿಯಾದ ಕೋರ್ಟಿನಲ್ಲಿ ನಡೆದ ಒಂದು ಮೊಕದ್ದಮೆ ನಮ್ಮ ಫಿಲ್ಟರ್ ಕಾಫಿಯ ಲೋಟಕ್ಕೆ ಬಂದು ಮುಟ್ಟಿದ್ದು ಹೀಗೆ.

ಬರೆಯುವವರು ಮತ್ತು ಆಳುವವರು

ಸಾಹಿತ್ಯದ ಕೂಟವಾದ್ದರಿಂದ ಇದೊಂದು ಮಾತು. ಆ ಖಂಡದಲ್ಲಿ ಲೇಖಕರು ಬೇಲಿಯ ಆಚೆ ನಿಂತು ನೋಡಿದವರಲ್ಲ. ಕಾದಂಬರಿಕಾರ ರೊಮುಲೊ ಗಲ್ಯೇಗೊಸ್ 1948ರ ಫೆಬ್ರವರಿಯಲ್ಲಿ ವೆನೆಜುವೆಲಾದ ಅಧ್ಯಕ್ಷರಾದರು. ನವೆಂಬರಿನಲ್ಲಿ ಸೈನ್ಯ ಅವರನ್ನು ಇಳಿಸಿತು. ಮಾರಿಯೊ ವಾರ್ಗಾಸ್ ಯೋಸಾ 1990ರಲ್ಲಿ ಪೆರುವಿನ ಅಧ್ಯಕ್ಷ ಪದವಿಗೆ ನಿಂತು ಸೋತರು. ಅವರಿಗೆ ನೊಬೆಲ್ ಬಂದದ್ದು 2010ರಲ್ಲಿ. 1973ರ ಸೆಪ್ಟೆಂಬರ್ 11ರ ದಂಗೆಯಾದ ಹನ್ನೆರಡು ದಿನಕ್ಕೆ ನೆರೂಡಾ ತೀರಿಕೊಂಡರು. ಮಾರ್ಕ್ವೆಝ್ ಕಾದಂಬರಿಯ ಬಾಳೆತೋಟದ ಹತ್ಯಾಕಾಂಡ ಬರೀ ಕಲ್ಪನೆಯಲ್ಲ: 1928ರಲ್ಲಿ ಕೊಲಂಬಿಯಾದ ಸಿಯೆನಾಗಾದಲ್ಲಿ ಅಮೆರಿಕದ ಹಣ್ಣಿನ ಕಂಪನಿಯೊಂದರ ವಿರುದ್ಧ ಮುಷ್ಕರ ಹೂಡಿದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿತ್ತು. ಆ ಪುಟಗಳನ್ನು ನಾವು ಮಾಂತ್ರಿಕ ವಾಸ್ತವವೆಂದು ಮೆಚ್ಚಿ ಓದುವಾಗ ಅದರಲ್ಲಿ ಮಾಂತ್ರಿಕ ಎಷ್ಟು, ವಾಸ್ತವ ಎಷ್ಟು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಮುಂದೇನು?

ಮುಂದಿನ ದಿನಗಳು ದಕ್ಷಿಣ ಅಮೆರಿಕಕ್ಕೆ ಒಲಿಯುವ ಲಕ್ಷಣಗಳಿವೆ. ವಿದ್ಯುತ್ ವಾಹನಗಳಿಗೆ ತಾಮ್ರ ಬೇಕು, ಲಿಥಿಯಂ ಬೇಕು. ಚಿಲಿ, ಅರ್ಜೆಂಟೀನಾ, ಬೊಲಿವಿಯಾದ ಉಪ್ಪಿನ ಬಯಲುಗಳಲ್ಲಿ ಲಿಥಿಯಂ ಅಪಾರ. 2024ರ ಜನವರಿಯಲ್ಲಿ ಭಾರತದ ಸರ್ಕಾರಿ ಕಂಪನಿ 'ಕಾಬಿಲ್' ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಲಿಥಿಯಂ ಬ್ಲಾಕ್‌ಗಳ ಶೋಧಕ್ಕೆ ಒಪ್ಪಂದ ಮಾಡಿಕೊಂಡಿತು. ನಮ್ಮ ಮಂಡ್ಯದ ಮರಳಗಾಲದಲ್ಲಿ ಗುರುತಿಸಿರುವುದು 1,600 ಟನ್ ಮಾತ್ರ; ಬೆಂಗಳೂರಿನ ವಿದ್ಯುತ್ ಸ್ಕೂಟರಿಗೆ ದೂರದ ಉಪ್ಪಿನ ಬಯಲನ್ನು ನಂಬದೆ ವಿಧಿಯಿಲ್ಲ. ಆದರೆ ತಾಮ್ರ, ಎಣ್ಣೆ, ಕಾಫಿ ಮಾಡಿದ್ದನ್ನೇ ಲಿಥಿಯಂ ಮಾಡಬಾರದೆಂದೇನೂ ಇಲ್ಲ. ಬಂದ ಹಣವನ್ನು ಚಿಲಿಯಂತೆ ಕಟ್ಟಿಡುತ್ತಾರೋ, ವೆನೆಜುವೆಲಾದಂತೆ ಕರಗಿಸುತ್ತಾರೋ, ಅದರ ಮೇಲೆ ನಿಂತಿದೆ.

ಊರಿನ ಫೋನಿಗೂ ಉತ್ತರ ಹೇಳಬೇಕಲ್ಲ? ಬೆಲೆ ಎಷ್ಟು ದಿನ ನಿಲ್ಲುತ್ತದೆಂದು ಭವಿಷ್ಯ ಹೇಳುವ ಜ್ಯೋತಿಷಿಗಳು ನಾವಲ್ಲ. ಆದರೆ 1977ರ ಏರು 1989ರ ನಂತರದ ಇಳಿತವನ್ನು ತಡೆಯಲಿಲ್ಲ ಎಂಬುದು ದಾಖಲೆಯಲ್ಲಿದೆ. ಈಗಿನ ಬೆಲೆಯ ಮೇಲೆ ಲೆಕ್ಕ ಹಾಕಿ ಸಾಲ ಮಾಡುವುದು ಎಂದರೆ ವೆನೆಜುವೆಲಾದ ದಾರಿ. ಹಳೆಯ ಸಾಲ ತೀರಿಸಿ, ನಾಲ್ಕು ವರ್ಷದ ಕೂಲಿ-ಗೊಬ್ಬರಕ್ಕಾಗುವಷ್ಟು ಎತ್ತಿಡುವುದು ಚಿಲಿಯ ದಾರಿ. ಮಲೆನಾಡಿನ ಹಿರಿಯರು ಇದನ್ನು ಯಾವ ಅರ್ಥಶಾಸ್ತ್ರವನ್ನೂ ಓದದೆ ಮಾಡಿದ್ದರು: ಕಾಫಿಯ ನಡುವೆ ನೆರಳಿನ ಮರ, ಮರಕ್ಕೆ ಮೆಣಸಿನ ಬಳ್ಳಿ, ಅಂಚಿಗೆ ಕಿತ್ತಳೆ, ತಗ್ಗಿನಲ್ಲಿ ಭತ್ತದ ಗದ್ದೆ. ಒಂದು ಕೈಕೊಟ್ಟರೆ ಇನ್ನೊಂದು. ಒಂದೇ ಸರಕನ್ನು ನಂಬಿದ ದೇಶಗಳು ನೂರು ವರ್ಷ ಪೆಟ್ಟು ತಿಂದು ಕಲಿಯುತ್ತಿರುವುದು ಇದನ್ನೇ.

ಆದ್ದರಿಂದ ಅಣ್ಣ ಈ ಸಲ ಫೋನ್ ಮಾಡಿ, ಬೆಲೆ ಚೆನ್ನಾಗಿದೆ, ಮೆಣಸಿನ ಬಳ್ಳಿ ತೆಗೆಸಿ ಅಲ್ಲೂ ಕಾಫಿ ಹಾಕಿಸಲೇ ಎಂದು ಕೇಳಿದರೆ, ಬೇಡ ಎನ್ನಿ. ಏಕೆ ಎಂದು ಕೇಳಿದರೆ ಅರ್ಜೆಂಟೀನಾದ ಕಥೆ ಹೇಳಿ. ನಮ್ಮ ಬಳಗದಲ್ಲಿ ತೋಟದವರು ಯಾರಿದ್ದೀರೋ, ನಿಮ್ಮ ಮನೆಯಲ್ಲಿ 2001ರ ಆ ವರ್ಷಗಳು ಹೇಗಿದ್ದವು ಎಂದು ಬರೆದು ಕಳಿಸಿ. ದೂರದ ಖಂಡದ ಇತಿಹಾಸದಲ್ಲಿ ನಮ್ಮ ಮನೆಯ ಒಂದು ಪುಟವೂ ಇದೆ. ಅದನ್ನು ನಾವೇ ಬರೆಯಬೇಕು.